ಬೋಳು ಗುಡ್ಡವೋ, ಬೋಳಿಸಿದ ಗುಡ್ಡವೋ

ಮಣ್ಣಿನ ಸವಕಳಿಯ ಕುರಿತ ಇಂಗ್ಲಿಷ್ ವರದಿಯೊಂದನ್ನು ಅನುವಾದಿಸುತ್ತಿದ್ದೆ. ಹನ್ನೆರಡು ಪುಟ ಸಲೀಸಾಗಿ ಸಾಗಿತು. ಹದಿಮೂರನೆಯದರಲ್ಲಿ ‘ಡಿನ್ಯೂಡ್’ ಎಂಬ ಪದ ಎದುರಾಯಿತು. ಗುಡ್ಡಗಳು ಹಾಗಾಗಿದ್ದವಂತೆ. ‘ಬೆತ್ತಲೆ ಗುಡ್ಡಗಳು’ ಎಂದು ಬರೆದು ಮುಂದೆ ಹೋದೆ. ಸಂಜೆ ಕರಡು ಓದಿದ ಹೆಂಡತಿ, “ಏನ್ರೀ, ಗುಡ್ಡಗಳು ಸ್ನಾನಕ್ಕೆ ಹೊರಟಿವೆಯೇ?” ಎಂದಳು. ಕೆಲಸ ಅಲ್ಲಿಗೇ ನಿಂತಿತು.

ಈ ಪದದೊಂದಿಗೆ ನನಗೆ ಹಳೆಯ ಜಗಳವಿದೆ. ಇಂಗ್ಲಿಷಿನಲ್ಲಿ ‘ಡಿ’ ಮುಂದೆ ಬಂದರೆ ತೆಗೆದುಹಾಕುವುದೆಂದೇ ಅರ್ಥ ಎಂದು ಕಾಲೇಜಿನ ದಿನಗಳಲ್ಲಿ ನಂಬಿದ್ದೆ. ಡಿಫ್ರಾಸ್ಟ್ ಎಂದರೆ ಮಂಜುಗಡ್ಡೆ ತೆಗೆಯುವುದು. ಹಾಗಾದರೆ ಡಿನ್ಯೂಡ್ ಎಂದರೆ ಬೆತ್ತಲೆತನ ತೆಗೆಯುವುದು, ಅಂದರೆ ಬಟ್ಟೆ ತೊಡಿಸುವುದು! ಪರೀಕ್ಷೆಯಲ್ಲಿ ಹಾಗೆಯೇ ಬರೆದು ಸೊನ್ನೆ ಪಡೆದಿದ್ದೆ.

ನಿಘಂಟು ತೆರೆದೆ. ಮೂಲ ಲ್ಯಾಟಿನ್ನಿನ ‘ಡೆನುಡಾರೆ’. ‘ನುಡುಸ್’ ಎಂದರೆ ಬತ್ತಲೆ. ‘ಡೆ’ ಇಲ್ಲಿ ತೆಗೆಯುವುದಿಲ್ಲ, ‘ಪೂರ್ತಿಯಾಗಿ’ ಎಂದು ಒತ್ತು ಕೊಡುತ್ತದೆ. ಇನ್ನೂ ಹಿಂದೆ ಹೋದರೆ ಆ ನುಡುಸ್, ಇಂಗ್ಲಿಷಿನ ನೇಕೆಡ್, ಸಂಸ್ಕೃತದಿಂದ ನಮಗೆ ಬಂದ ನಗ್ನ, ಮೂರೂ ಒಂದೇ ಬೇರಿನ ಚಿಗುರುಗಳು. ವ್ಯುತ್ಪತ್ತಿ ನನ್ನ ಪರ, ಬಳಕೆ ಹೆಂಡತಿಯ ಪರ. ಮನೆಯಲ್ಲಿ ಯಾವುದು ಗೆಲ್ಲುತ್ತದೆ ಎಂದು ಹೇಳಬೇಕಾಗಿಲ್ಲ.

ಸ್ನಾನಕ್ಕೆ ಹೊರಟವರ ಬಗ್ಗೆ ಇಂಗ್ಲಿಷಿನವರೂ ಈ ಪದವನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಅದು ಹೆಚ್ಚಾಗಿ ನೆಲದ, ಮರದ ಮಾತು: ಎಲೆ ಕಳೆದುಕೊಂಡ ಕೊಂಬೆ, ಕಾಡು ಕಳೆದುಕೊಂಡ ಇಳಿಜಾರು. ಬಿಸಿಲು, ಮಳೆ, ಗಾಳಿ, ಹಿಮನದಿಗಳೆಲ್ಲ ಸೇರಿ ಭೂಮಿಯ ಮೇಲ್ಮೈಯನ್ನು ಸವೆಸುವುದಕ್ಕೆ ಭೂವಿಜ್ಞಾನಿಗಳು ‘ಡಿನ್ಯುಡೇಶನ್’ ಎನ್ನುತ್ತಾರೆ. ಪ್ರನಾಳ ಶಿಶು ಚಿಕಿತ್ಸೆಯ (ಐವಿಎಫ್) ಪ್ರಯೋಗಾಲಯದಲ್ಲಿ ಅಂಡಾಣುವಿನ ಸುತ್ತ ಅಂಟಿದ ಕೋಶಗಳನ್ನು ಬಿಡಿಸುವುದಕ್ಕೂ ಅದೇ ಹೆಸರು. ಎಲ್ಲ ಕಡೆಯೂ ಒಂದು ಸಂಗತಿ ಸಮಾನ: ಮೊದಲು ಹೊದಿಕೆ ಇತ್ತು, ಈಗ ಇಲ್ಲ.

‘ಬೋಳು ಗುಡ್ಡ’ ಎಂದು ಬರೆಯಲು ಕೈ ಹಿಂಜರಿದದ್ದು ಇದಕ್ಕೇ. ಬೋಳು ಎಂಬುದು ಹಿಂದಿನ ಕಥೆ ಹೇಳುವುದಿಲ್ಲ. ಬಂಡೆ ಹುಟ್ಟಿನಿಂದಲೇ ಬೋಳಾಗಿರಬಹುದು. ‘ಬರಡು’ ಎಂದರಂತೂ ತಪ್ಪು ನೆಲದ್ದೇ ಎಂದಂತಾಗುತ್ತದೆ. ವರದಿಯ ಗುಡ್ಡಗಳಲ್ಲಿ ಕಾಡಿತ್ತು. ಸಸಿ ನೆಡುತ್ತೇವೆಂದು ಮಾತು ಕೊಟ್ಟು ಮರ ಕಡಿದವರು ಒಂದನ್ನೂ ನೆಟ್ಟಿರಲಿಲ್ಲ.

ಕೊನೆಗೆ ‘ಬೋಳಿಸಿದ ಗುಡ್ಡಗಳು’ ಎಂದು ತಿದ್ದಿದೆ.

“ಯಾರದೋ ತಲೆ ಬೋಳಿಸಿದ ಹಾಗೆ ಕೇಳಿಸುತ್ತದೆ,” ಎಂದಳು.

“ಕೇಳಿಸಲಿ,” ಎಂದೆ.

ಮುಂದಿನ ಪುಟದಲ್ಲಿ ಮತ್ತೆ ಅದೇ ಪದ. ಈ ಸಲ ಕರ್ತೃ ಮಳೆ. ಮಳೆಯ ಮೇಲೆ ಬೋಳಿಸಿದ ಆರೋಪ ಹೊರಿಸಲು ಮನಸ್ಸಾಗಲಿಲ್ಲ. ‘ಮೇಲ್ಮಣ್ಣು ಕೊಚ್ಚಿಹೋಗಿ ಬಂಡೆ ಎದ್ದು ಕಂಡಿತು’ ಎಂದು ಬರೆದು ಪುಟ ತಿರುವಿದೆ.