ಏಳು ಗಂಟೆಗೆ ಕೊಟ್ಟ ಸಿರಪ್

ಕಳೆದ ವರ್ಷ ಆಗಸ್ಟ್ ತಿಂಗಳ ಒಂದು ಮಂಗಳವಾರ. ಯುಕೆಜಿ ಓದುವ ಮಗಳನ್ನು ಎಬ್ಬಿಸಲು ಹೋದರೆ ಹಣೆ ಸುಡುತ್ತಿತ್ತು. ಥರ್ಮಾಮೀಟರ್ ಇಟ್ಟು ನೋಡಿದೆ, 101. ನಮ್ಮವರು ಆಗಲೇ ಬೆಂಗಳೂರಿನ ರೈಲು ಹತ್ತಿದ್ದರು. ಮೈಸೂರಿಂದ ದಿನಾ ಓಡಾಡುವ ಕೆಲಸ ಅವರದು. ಅತ್ತೆ ಹಾಸನದ ಹತ್ತಿರ ಊರಲ್ಲಿ. ನಮ್ಮ ಆಫೀಸಿಗೆ ಅವತ್ತೇ ಆಡಿಟ್‌ನವರು ಬರುವವರಿದ್ದರು.

ಏಳು ಗಂಟೆಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿದೆ. ಎಂಟರ ಹೊತ್ತಿಗೆ ಬೆವರಿ ಮೈ ತಣ್ಣಗಾಯಿತು. ದೋಸೆ ಅರ್ಧ ತಿಂದು 'ಬಾಯಿ ಉರಿ ಅಮ್ಮಾ' ಅಂದಳು. ಚಟ್ನಿಗೆ ಖಾರ ಜಾಸ್ತಿ ಆಗಿರಬೇಕು ಅಂದುಕೊಂಡೆ. ಅಂದುಕೊಳ್ಳುವುದು ಸುಲಭ ಅಲ್ವಾ? ವ್ಯಾನು ಬಂತು, ಹತ್ತಿಸಿದೆ. ಹಿಂದಿನ ರಸ್ತೆಯ ಹುಡುಗ ಅವಳಿಗೆ ಜಾಗ ಹಿಡಿದು ಕೂತಿದ್ದ. ಆ ಇಬ್ಬರೂ ಕುಡಿಯುವುದು ಒಂದೇ ಬಾಟಲಿಯಲ್ಲಿ.

ಶಾಲೆಯ ಡೈರಿಯ ಮೊದಲ ಪುಟಗಳಲ್ಲಿ ಎಲ್ಲ ಬರೆದಿದ್ದಾರೆ. ಔಷಧಿ ಹಾಕದೆ 24 ಗಂಟೆ ಜ್ವರ ಇಲ್ಲದಿದ್ದರೆ ಮಾತ್ರ ಮಗುವನ್ನು ಕಳಿಸಿ. ವಾಂತಿ ಭೇದಿ ನಿಂತ ಮೇಲೂ ಒಂದು ದಿನ ಮನೆಯಲ್ಲೇ ಇಟ್ಟುಕೊಳ್ಳಿ. ಅಮ್ಮ (ಚಿಕನ್‌ಪಾಕ್ಸ್) ಬಂದಿದ್ದರೆ ಗುಳ್ಳೆಯೆಲ್ಲ ಒಣಗಿ ಹಕ್ಕಳೆ ಕಟ್ಟುವ ತನಕ ಕಳಿಸಬೇಡಿ. ಕೆಳಗೆ ಪೋಷಕರ ಸಹಿ. ಜೂನ್‌ನಲ್ಲಿ ಬೈಂಡು ಹಾಕುವಾಗಲೇ ನಾನು ಸಹಿ ಮಾಡಿದ್ದೆ, ಓದದೆ.

ಹನ್ನೊಂದು ಇಪ್ಪತ್ತಕ್ಕೆ ಫೋನ್ ಬಂತು. ಆ ಸಿರಪ್ಪಿನ ಗುಣ ನಾಲ್ಕರಿಂದ ಆರು ಗಂಟೆ. ಲೆಕ್ಕ ಸರಿಯಾಗೇ ಇತ್ತು. ಆಡಿಟ್‌ನವರ ಮುಂದೆ ಫೈಲು ಬಿಟ್ಟು ಆಟೋ ಹಿಡಿದೆ. ಆಫೀಸು ರೂಮಿನ ಬೆಂಚಿನ ಮೇಲೆ ಮಗಳು ಮುದುರಿ ಮಲಗಿದ್ದಳು.

'ಬೆಳಿಗ್ಗೆ ಜ್ವರ ಇತ್ತಾ ಮೇಡಂ?' ಅಂದರು ಮಿಸ್.

'ಇಲ್ಲ, ಚೆನ್ನಾಗೇ ಇದ್ಲು.'

ಬೆಂಚಿನ ಮೇಲಿಂದ ಸಣ್ಣ ಸ್ವರ ಬಂತು. 'ಅಮ್ಮ ಪಿಂಕ್ ಔಷಧಿ ಕುಡಿಸಿದ್ಲು ಮಿಸ್.'

ಮಿಸ್ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು. ಬ್ಯಾಗು ಕೈಗೆ ಕೊಟ್ಟು, 'ಡಾಕ್ಟರ್ ಏನಂದ್ರು ಅಂತ ತಿಳಿಸಿ, ಬೇರೆ ಮಕ್ಕಳ ಮನೆಗೂ ಹೇಳ್ಬೇಕಾಗುತ್ತೆ' ಅಂದರಷ್ಟೇ.

ಡಾಕ್ಟರು ಟಾರ್ಚ್ ಹಾಕಿ ಬಾಯಿ ನೋಡಿದರು. ಒಳಗೆ ನಾಲ್ಕೈದು ಹುಣ್ಣು. ಅಂಗೈಯಲ್ಲಿ ಕೆಂಪು ಚುಕ್ಕಿ ಆಗ ತಾನೇ ಏಳುತ್ತಿದ್ದವು. 'ಕೈ ಕಾಲು ಬಾಯಿ ರೋಗ. ವೈರಸ್ಸು. ಆಂಟಿಬಯಾಟಿಕ್ ಬೇಡ, ವಾರ ಹತ್ತು ದಿನಕ್ಕೆ ತಾನಾಗೇ ಹೋಗುತ್ತೆ. ನೀರು ಕುಡಿಸೋದು ಮಾತ್ರ ಬಿಡಬೇಡಿ' ಅಂದರು.

ಅತ್ತೆಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ, 'ಕಾಲುಬಾಯಿ ಜ್ವರ ದನಕ್ಕಲ್ವೇನೇ ಬರೋದು? ಮಗೂನ ಯಾವ ಕೊಟ್ಟಿಗೆಗೆ ಕರ್ಕೊಂಡು ಹೋಗಿದ್ದೆ?' ಅದೇ ಬೇರೆ, ಇದೇ ಬೇರೆ ಅಂತ ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ. ಮಾರನೇ ದಿನ ಬಸ್ಸು ಹತ್ತಿ ಬಂದೇಬಿಟ್ಟರು. ಬಂದದ್ದು ನನ್ನ ಪುಣ್ಯ.

ಹುಳಿ ಖಾರ ಯಾವುದೂ ಅವಳ ಬಾಯಿಗೆ ಸೇರಲಿಲ್ಲ. ಮೆತ್ತಗೆ ಹಿಸುಕಿ ತಣ್ಣಗೆ ಮಾಡಿದ ಹಾಲನ್ನ, ಎಳನೀರು. ಡಾಕ್ಟರೇ ಐಸ್‌ಕ್ರೀಮ್ ಕೊಡಬಹುದು ಅಂದಿದ್ದರಿಂದ ಮಗಳ ದೃಷ್ಟಿಯಲ್ಲಿ ಅವರು ದೇವರಾದರು. ಗುಳ್ಳೆ ಒಣಗಿದ ಮೇಲೂ ವಾರಗಟ್ಟಲೆ ಮಲದಲ್ಲಿ ವೈರಸ್ಸು ಇರುತ್ತಂತೆ. ಹಾಗಾಗಿ ಕಕ್ಕಸಿಗೆ ಹೋಗಿ ಬಂದಾಗಲೆಲ್ಲ ಸೋಪು ಹಾಕಿ ಕೈ ತೊಳೆಸುವುದೇ ಅತ್ತೆಗೆ ದೊಡ್ಡ ಕೆಲಸವಾಯಿತು.

ನನ್ನದು ತಪ್ಪೇ. ಆದರೂ ಒಂದು ಮಾತು. ಇದೇ ಶಾಲೆ ವರ್ಷದ ಕೊನೆಗೆ ಒಂದು ದಿನವೂ ತಪ್ಪಿಸದ ಮಕ್ಕಳನ್ನು ಸ್ಟೇಜಿಗೆ ಕರೆದು ಸರ್ಟಿಫಿಕೇಟ್ ಕೊಡುತ್ತದೆ. ವರ್ಷವಿಡೀ ಒಂದು ಸಲವೂ ಜ್ವರ ಬಾರದ ಐದು ವರ್ಷದ ಮಗುವನ್ನು ನಾನಂತೂ ನೋಡಿಲ್ಲ. ಆ ಅಮ್ಮಂದಿರ ಫ್ರಿಜ್ಜಿನ ಮೇಲೂ ಸಿರಪ್ ಬಾಟಲಿ ಇರಲೇಬೇಕು. ಆಫೀಸಿನವರು ಇನ್ನೊಂದು ಥರ. ನನಗೇ ಜ್ವರ ಬಂದರೆ ರಜೆ ಕೊಡುತ್ತಾರೆ, ಮಗುವಿಗೆ ಅಂದರೆ 'ಮನೇಲಿ ಬೇರೆ ಯಾರೂ ಇಲ್ವಾ' ಅಂತ ಕೇಳುತ್ತಾರೆ.

ಭಾನುವಾರ ಸಂಜೆ ಹಿಂದಿನ ರಸ್ತೆಯ ಹುಡುಗನ ತಾಯಿ ಫೋನ್ ಮಾಡಿದರು. 'ಇವನಿಗೆ ಜ್ವರ ರೀ. ಬಾಯಲ್ಲೆಲ್ಲ ಹುಣ್ಣು. ನಿಮ್ಮ ಪುಟ್ಟಿಗೂ ಹೀಗೇ ಆಗಿತ್ತಂತಲ್ಲ, ಏನು ಕೊಟ್ರಿ?' ಎಳನೀರು ಹೇಳಿದೆ, ಹಾಲನ್ನ ಹೇಳಿದೆ, ಐಸ್‌ಕ್ರೀಮನ್ನೂ ಹೇಳಿದೆ. 'ಪಾಪ, ನೀವೂ ಎಷ್ಟು ಒದ್ದಾಡಿರ್ತೀರೋ' ಅಂದರು.

ಮಂಗಳವಾರ ಬೆಳಿಗ್ಗೆಯದನ್ನು ಹೇಳಲು ಬಾಯಿ ಬರಲಿಲ್ಲ. ರಾತ್ರಿ ಅತ್ತೆ ಎರಡು ಎಳನೀರು ಹಿಡಿದುಕೊಂಡು ಹೋಗಿ ಅವರ ಮನೆಗೆ ಕೊಟ್ಟು ಬಂದರು. ನಾನು ಜೊತೆಗೆ ಹೋಗಲಿಲ್ಲ.