ಹೌರಾ ಸೇತುವೆಯನ್ನು ನಡೆದು ದಾಟಿದಾಗ

ಹೌರಾ ರೈಲು ನಿಲ್ದಾಣದಿಂದ ಹೊರಬಂದವರಿಗೆ ಕೋಲ್ಕತ್ತಾಕ್ಕಿಂತ ಮೊದಲು ಎದುರಾಗುವುದು ಹೂಗ್ಲಿ ನದಿಯ ಮೇಲಿನ ಹೌರಾ ಸೇತುವೆ. ನಾವು ಟ್ಯಾಕ್ಸಿ ಹಿಡಿಯದೆ ನಡೆದೇ ದಾಟಿದೆವು. ತಲೆಹೊರೆ ಹೊತ್ತು ಬಿರುಸಾಗಿ ಸಾಗುವ ಕೂಲಿಗಳಿಗೆ ದಾರಿ ಬಿಡುತ್ತಾ ಪಾದಚಾರಿ ಮಾರ್ಗದ ಅಂಚಿನಲ್ಲಿ ನಿಂತು ತಲೆಯೆತ್ತಿದಾಗಲೇ ಈ ಉಕ್ಕಿನ ಹಂದರದ ಲೆಕ್ಕಾಚಾರ ಅರ್ಥವಾಗತೊಡಗಿತು.

ನದಿಯ ನಡುವೆ ಒಂದೂ ಕಂಬವಿಲ್ಲ. ಎರಡೂ ದಡಗಳಲ್ಲಿ ಸುಮಾರು 280 ಅಡಿ ಎತ್ತರದ ಗೋಪುರಗಳಿದ್ದು, ಅವುಗಳ ನಡುವಿನ ಅಂತರ 1500 ಅಡಿ. ಪ್ರತಿ ಗೋಪುರದಿಂದಲೂ 468 ಅಡಿಯ ಟ್ರಸ್ ತೋಳು, ಅಂದರೆ ತ್ರಿಕೋನಗಳಾಗಿ ಹೆಣೆದ ಉಕ್ಕಿನ ತೊಲೆಗಳ ಚೌಕಟ್ಟು, ನೀರಿನ ಮೇಲೆ ಚಾಚಿಕೊಂಡಿದೆ. ಆ ಎರಡು ತೋಳುಗಳ ತುದಿಗಳು 564 ಅಡಿ ಉದ್ದದ ಮಧ್ಯದ ಟ್ರಸ್ಸನ್ನು ಹೊತ್ತಿವೆ. ಈ ಭಾರಕ್ಕೆ ತೋಳುಗಳು ಮುಂದಕ್ಕೆ ವಾಲದಂತೆ ಗೋಪುರಗಳ ಹಿಂದಿನ 325 ಅಡಿಯ ತೋಳುಗಳು ದಡದ ಕಡೆ ಎಳೆದು ಹಿಡಿದಿವೆ. ರಸ್ತೆಯಂತೂ ಟ್ರಸ್ಸಿನ ಮೇಲೆ ಕುಳಿತಿಲ್ಲ, ಅದರ ಕೆಳಗಿನ ತೊಲೆಗಳಿಂದ ಇಳಿದ 39 ಜೊತೆ ತೂಗುಕಂಬಗಳಿಗೆ ಜೋತುಬಿದ್ದಿದೆ. 1874ರಿಂದ ಇಲ್ಲಿದ್ದ ತೇಲುಸೇತುವೆಯನ್ನು ಹಡಗುಗಳು ಬಂದಾಗಲೆಲ್ಲ ತೆರೆಯಬೇಕಾಗುತ್ತಿತ್ತು ಎಂಬುದನ್ನು ನೆನೆದರೆ, ನದಿಯನ್ನು ಪೂರ್ತಿಯಾಗಿ ಬಿಟ್ಟುಕೊಟ್ಟ ಈ ವಿನ್ಯಾಸದ ಬೆಲೆ ತಿಳಿಯುತ್ತದೆ.

ರೆಂಡೆಲ್, ಪಾಮರ್ ಮತ್ತು ಟ್ರಿಟನ್ ಸಂಸ್ಥೆ ವಿನ್ಯಾಸಗೊಳಿಸಿದ ಸೇತುವೆಗೆ ಬೇಕಾದ ಉಕ್ಕು ಇಂಗ್ಲೆಂಡಿನಿಂದ ಬರಬೇಕಿತ್ತು. ಮಹಾಯುದ್ಧ ಅದನ್ನು ತಡೆಯಿತು. ಒಟ್ಟು 26,500 ಟನ್ನಿನಲ್ಲಿ ಸುಮಾರು 23,000 ಟನ್ ಉಕ್ಕನ್ನು ಟಾಟಾ ಕಾರ್ಖಾನೆಯೇ ಒದಗಿಸಿತು. 1943ರ ಫೆಬ್ರವರಿಯಲ್ಲಿ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಇದರ ಜೋಡಣೆಯಲ್ಲಿ ನಟ್ಟು ಬೋಲ್ಟುಗಳಿಲ್ಲ. ಗೋಪುರದ ಬುಡದ ಬಳಿ ತೊಲೆಯೊಂದನ್ನು ಮುಟ್ಟಿ ನೋಡಿದೆ: ತುದಿ ಬಡಿದು ಕೂರಿಸುವ ಲೋಹದ ಮೊಳೆಗಳಾದ ರಿವೆಟ್ಟುಗಳ ಒತ್ತೊತ್ತಾಗಿ ಸಾಲುಗಟ್ಟಿದ ಗುಂಡುತಲೆಗಳು, ಅವುಗಳ ಮೇಲೆ ಪದರ ಪದರವಾಗಿ ಕುಳಿತ ಬೂದುಬಣ್ಣ.

ಇಷ್ಟು ದೊಡ್ಡ ರಚನೆಯನ್ನು ಕಾಡುತ್ತಿರುವುದು ಎಲೆಅಡಿಕೆಯ ಉಗುಳು. ತೂಗುಕಂಬಗಳ ಬುಡಕ್ಕೆ ಹಾಕಿದ್ದ ಉಕ್ಕಿನ ಕವಚಗಳು 2007ರಿಂದ 2011ರೊಳಗೆ ಆರು ಮಿಲಿಮೀಟರಿನಿಂದ ಮೂರಕ್ಕಿಂತ ಕಡಿಮೆ ದಪ್ಪಕ್ಕೆ ಸವೆದಿದ್ದವು. ಸುಣ್ಣ ಬೆರೆತ ಈ ರಸ ಉಕ್ಕನ್ನು ತಿನ್ನುತ್ತದೆಂದು ಅರಿತು ನಿರ್ವಾಹಕರಾದ ಬಂದರು ಮಂಡಳಿಯವರು ಬುಡಗಳಿಗೆ ಫೈಬರ್‌ಗ್ಲಾಸ್ ಹೊದಿಕೆ ಹಾಕಿದರು. ನಾವು ಕಂಡ ಹೊದಿಕೆಯೊಂದರ ಮೇಲೂ ಕೆಂಪು ಕಲೆಗಳು ಇಳಿದಿದ್ದವು. ರಸ್ತೆಯ ಪೂರ್ತಿ ಭಾರ ಹೊತ್ತ ಕಂಬಗಳಿಗೆ ಹೀಗಾಗುವುದು ನೋಡಿ ನಿಜಕ್ಕೂ ಸಂಕಟವಾಯಿತು. ಹಕ್ಕಿಗಳ ಹಿಕ್ಕೆಯೂ ಉಕ್ಕನ್ನು ಕೆಡಿಸುತ್ತದೆ, ಆದರೆ ಅದನ್ನು ತೊಳೆದು ಬಣ್ಣ ಬಳಿಯಬಹುದು. ದಿನವೂ ದಾಟುವ ಲಕ್ಷಾಂತರ ಜನರ ಅಭ್ಯಾಸ ಹಾಗೆ ತೊಳೆದರೆ ಹೋಗುವುದಲ್ಲ. ಭಾರದ ವಿಷಯದಲ್ಲಿ ಮಾತ್ರ ಎಚ್ಚರ ವಹಿಸಲಾಗಿದೆ: 1993ರಲ್ಲಿ ಟ್ರಾಮುಗಳು ನಿಂತವು, ಅದಕ್ಕೆ ಸ್ವಲ್ಪ ಮೊದಲು ದಕ್ಷಿಣದಲ್ಲಿ ವಿದ್ಯಾಸಾಗರ ಸೇತುವೆಯೂ ಸಂಚಾರಕ್ಕೆ ತೆರೆದಿತ್ತು.

ಮಲ್ಲಿಕ್ ಘಾಟಿನ ಹೂವಿನ ಮಾರುಕಟ್ಟೆಗೆ ಇಳಿದು, ಮರಳುವಾಗ ಫೆರಿ ಹತ್ತಿದೆವು. ನೋಡಲು ಹೋಗುವವರು ಹೀಗೆಯೇ ಮಾಡಲಿ: ಎರಡು ತೋಳುಗಳೂ ಅವು ಹೊತ್ತ ಮಧ್ಯದ ಟ್ರಸ್ಸೂ ಎಲ್ಲಿ ಕೂಡಿವೆ ಎಂಬುದು ನೀರಿನ ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ.