‘ಹ್ಯಾಂಡ್ಲಿಂಗ್ ಅಂದ್ರೆ ಹಮಾಲೀನಾ?’ – ಬೈಕ್ ಶೋರೂಂ ಕೆಲಸದಲ್ಲಿ ನಾನು ಕಲಿತದ್ದು

ತುಮಕೂರಿನ ಒಂದು ಬೈಕ್ ಶೋರೂಂನಲ್ಲಿ ಆರು ವರ್ಷ ಸೇಲ್ಸ್ ಕೆಲಸ ಮಾಡಿದ್ದೇನೆ. ಯಾವ ಶೋರೂಂ ಅನ್ನೋದು ಬೇಡ. ಬೆಳಿಗ್ಗೆಯಿಂದ ಸಂಜೆವರೆಗೆ ಕೊಟೇಶನ್ ಬರೆಯೋದೇ ನನ್ನ ಕೆಲಸ. ಬಂದವರಲ್ಲಿ ಹತ್ತರಲ್ಲಿ ಒಂಬತ್ತು ಜನ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಆನ್‌ರೋಡ್ ಎಷ್ಟಾಗುತ್ತೆ?’ ನಾನು ಒಂದು ಮೊತ್ತ ಹೇಳುತ್ತಿದ್ದೆ. ಅವರು ‘ಎಷ್ಟು ಬಿಡ್ತೀರಾ?’ ಅನ್ನುತ್ತಿದ್ದರು. ಸ್ವಲ್ಪ ಎಳೆದಾಡಿ ಒಂದು ಸಾವಿರ ಬಿಡುತ್ತಿದ್ದೆ. ಖುಷಿಯಾಗಿ ಹೋಗುತ್ತಿದ್ದರು. ಚೌಕಾಸಿ ಅಂದರೆ ಇಷ್ಟೇ ಅಂತ ನಾನೂ ನಂಬಿದ್ದೆ.

2022ರ ಮಳೆಗಾಲದಲ್ಲಿ ತಿಪಟೂರು ಕಡೆಯ ಒಬ್ಬ ಯಜಮಾನರು ಮಗನ ಜೊತೆ ಬಂದರು. ಹುಡುಗ ಡಿಪ್ಲೊಮಾ ಸೇರಿದ್ದ, 125 ಸಿಸಿ ಗಾಡಿ ಬೇಕಿತ್ತು. ಎಂದಿನಂತೆ 1,14,900 ಅಂದೆ. ಯಜಮಾನರು ತಲೆ ಅಲ್ಲಾಡಿಸಲಿಲ್ಲ, ಎಷ್ಟು ಬಿಡ್ತೀಯ ಅಂತಾನೂ ಕೇಳಲಿಲ್ಲ. ‘ಒಟ್ಟು ಬೇಡಪ್ಪ, ಬಿಡಿಸಿ ಬರಿ’ ಅಂದರು.

ಬರೆದು ಕೊಟ್ಟೆ. ಎಕ್ಸ್ ಶೋರೂಂ 88,400. ಆರ್‌ಟಿಒ 13,900. ಇನ್ಶೂರೆನ್ಸ್ 7,900. ಫಿಟ್ಟಿಂಗ್ಸ್ 3,200. ಹ್ಯಾಂಡ್ಲಿಂಗ್ 1,500. ಅವರು ಕನ್ನಡಕ ಹಾಕಿಕೊಂಡು ಜೇಬಿನಿಂದ ಇನ್ನೊಂದು ಚೀಟಿ ತೆಗೆದು ನನ್ನ ಕೊಟೇಶನ್ ಪಕ್ಕ ಇಟ್ಟರು. ಕೊಬ್ಬರಿ ಮಾರಿದ ಪಟ್ಟಿ ಅದು. ಮೂಟೆ, ತೂಕ, ರೇಟು, ಹಿಡಿದುಕೊಂಡ ದುಡ್ಡು ಎಲ್ಲ ಸಾಲು ಸಾಲಾಗಿ ಇತ್ತು. ನನ್ನ ಚೀಟಿಯನ್ನೂ ಅದೇ ಥರ ಬೆರಳಿಟ್ಟು ಓದಿಕೊಂಡು ಬಂದು ಕೊನೆಯ ಸಾಲಿಗೆ ನಿಂತರು.

‘ಹ್ಯಾಂಡ್ಲಿಂಗ್ ಅಂದ್ರೆ ಹಮಾಲೀನಾ?’

‘ಹೂಂ ಯಜಮಾನ್ರೇ, ಗಾಡಿ ಲಾರಿಯಲ್ಲಿ ಬರುತ್ತೆ, ಇಳಿಸಬೇಕು, ತೊಳೀಬೇಕು, ಬ್ಯಾಟರಿ ಚಾರ್ಜ್ ಮಾಡ್ಬೇಕು…’ ಅಂತ ಕಲಿಸಿಕೊಟ್ಟ ಪಾಠ ಒಪ್ಪಿಸಿದೆ.

‘ಹಂಗಾದ್ರೆ ಈ ಮೊದಲನೇ ಸಾಲಿನ ರೇಟು ಎಲ್ಲಿಂದು? ಗಾಡಿ ಫ್ಯಾಕ್ಟರಿಯಲ್ಲೇ ನಿಂತಿದ್ರೆ ಇರೋ ರೇಟಾ, ಇಲ್ಲಿಗೆ ಬಂದ ಮೇಲಿನ ರೇಟಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಕ್ಸ್ ಶೋರೂಂ ಅಂದರೇನೇ ಶೋರೂಂ ತನಕ ತಂದು ನಿಲ್ಲಿಸಿದ ಬೆಲೆ. ಸಾಗಣೆ, ಜಿಎಸ್‌ಟಿ, ಡೀಲರ್ ಮಾರ್ಜಿನ್ ಎಲ್ಲ ಅದರೊಳಗೇ ಇದೆ. ಅದರ ಮೇಲೆ ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಡಿಪೋ ಚಾರ್ಜ್, ಯಾವ ಹೆಸರಿಟ್ಟರೂ ಅದು ಒಂದೇ ಕೆಲಸಕ್ಕೆ ಎರಡು ಸಲ ಕೇಳುವ ದುಡ್ಡು. ಮೂರು ವರ್ಷದಿಂದ ದಿನಾ ಬರೆಯುತ್ತಿದ್ದ ಸಾಲು ಅದು. ಒಂದು ದಿನವೂ ಹೀಗೆ ಯೋಚಿಸಿರಲಿಲ್ಲ.

ಆಮೇಲೆ ಆರ್‌ಟಿಒ ಸಾಲು. ‘ಇದು ಸರ್ಕಾರಕ್ಕೆ ಕಟ್ಟೋದು ತಾನೇ, ರಸೀತಿ ಬರುತ್ತಲ್ವಾ?’ ಬರುತ್ತೆ. ನಮ್ಮ ರಾಜ್ಯದಲ್ಲಿ ಪೆಟ್ರೋಲ್ ಬೈಕಿನ ಬೆಲೆ 50,000ದಿಂದ 1 ಲಕ್ಷದೊಳಗಿದ್ದರೆ ಆಜೀವ ತೆರಿಗೆ 12 ಪರ್ಸೆಂಟ್, 1 ಲಕ್ಷ ದಾಟಿದರೆ 18. ತೆರಿಗೆಯ ಮೇಲೆ ಸೆಸ್, ಜೊತೆಗೆ ರಿಜಿಸ್ಟ್ರೇಶನ್ ಫೀಸು 300, ಆರ್‌ಸಿ ಕಾರ್ಡಿಗೆ 200. ಅವರ ಗಾಡಿಗೆ ಎಲ್ಲ ಸೇರಿ 12,300ರ ಹತ್ತಿರ ಬರಬೇಕು. ನಾನು ಬರೆದದ್ದು 13,900. ನಡುವಿನ 1,600 ಸರ್ಕಾರಕ್ಕೆ ಹೋಗುತ್ತಿರಲಿಲ್ಲ, ಶೋರೂಂನಲ್ಲೇ ಉಳಿಯುತ್ತಿತ್ತು. ಸರ್ಕಾರದ ಹೆಸರು ಇರೋದರಿಂದ ಈ ಸಾಲನ್ನು ಯಾರೂ ಪ್ರಶ್ನೆ ಮಾಡೋದಿಲ್ಲ. ಅದಕ್ಕೇ ಅಲ್ಲಿ ಸೇರಿಸೋದು.

ಫಿಟ್ಟಿಂಗ್ಸ್ ಅಂತ ಒಂದೇ ಸಾಲಿನಲ್ಲಿ ಬರೆದದ್ದನ್ನೂ ಬಿಡಿಸಿದರು. ಲೆಗ್ ಗಾರ್ಡ್, ಸೀಟ್ ಕವರ್, ಮ್ಯಾಟ್, ಸೀರೆ ಗಾರ್ಡ್, ಹೆಲ್ಮೆಟ್. ಸೀರೆ ಗಾರ್ಡ್, ಹಿಂದೆ ಕೂರುವವರ ಹಿಡಿಕೆ, ಫುಟ್‌ರೆಸ್ಟ್ ಇವೆಲ್ಲ ಗಾಡಿಯ ಜೊತೆಗೇ ಬರಬೇಕಾದವು, ಕೇಂದ್ರ ಮೋಟಾರು ವಾಹನ ನಿಯಮ 123ರಲ್ಲೇ ಇದೆ. ಹೊಸ ಗಾಡಿ ಕೊಡುವಾಗ ಕಂಪನಿ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಡಬೇಕು ಅಂತ ನಿಯಮ 138 ಹೇಳುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಕೂಡ ಕಂಪನಿಯದ್ದೇ ಜವಾಬ್ದಾರಿ. ಇದಕ್ಕೆಲ್ಲ ಬೇರೆ ದುಡ್ಡು ಬರೆದಿದ್ದರೆ ಬೆರಳಿಟ್ಟು ಕೇಳಿ. ಲೆಗ್ ಗಾರ್ಡ್, ಸೀಟ್ ಕವರ್ ಬೇಕಾದರೆ ತಗೊಳ್ಳಿ, ಬೇಡವಾದರೆ ಬಿಡಿ. ‘ಗಾಡಿಗೆ ಆಗಲೇ ಹಾಕಿಬಿಟ್ಟಿದ್ದೀವಿ ಸರ್’ ಅಂದರೆ ಬಿಚ್ಚಿಕೊಡಿ ಅನ್ನಿ. ಹತ್ತು ನಿಮಿಷದ ಕೆಲಸ ಅದು.

ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಜನ ಹೆಚ್ಚು ದುಡ್ಡು ಕಳೆದುಕೊಳ್ಳೋದು ಇಲ್ಲೇ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ್ದು, ಕಡ್ಡಾಯ. ಅದರ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ. 2022ರ ಜೂನ್‌ನಲ್ಲಿ ಬಂದ ದರದಂತೆ 75ರಿಂದ 150 ಸಿಸಿಗೆ 3,851, 150ರಿಂದ 350 ಸಿಸಿಗೆ 7,365, ಮೇಲೆ ಜಿಎಸ್‌ಟಿ. ಇದರಲ್ಲಿ ಚೌಕಾಸಿ ಇಲ್ಲ. ಆದರೆ ನಮ್ಮ ಗಾಡಿಗೆ ಆಗುವ ಡ್ಯಾಮೇಜಿನ ಪಾಲಿಸಿ ಬೇರೆ. ಅದನ್ನು ಒಂದು ವರ್ಷಕ್ಕೆ ಮಾತ್ರ ತಗೊಂಡರೂ ನಡೆಯುತ್ತದೆ, ಕಂಪನಿಯಿಂದ ಕಂಪನಿಗೆ ರೇಟು ಬೇರೆ, ಮೇಲೆ ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡೋದು), ರೋಡ್‌ಸೈಡ್ ಅಸಿಸ್ಟೆನ್ಸ್ ಅಂತ ಕೇಳದೇನೇ ಸೇರಿಸಿರುತ್ತಾರೆ. ಇನ್ನೊಂದು ಗಾಡಿಯ ಜೊತೆ ನಿಮ್ಮ ಹೆಸರಲ್ಲಿ 15 ಲಕ್ಷದ ಅಪಘಾತ ಪಾಲಿಸಿ ಆಗಲೇ ಇದ್ದರೆ ಮತ್ತೆ ತಗೊಳ್ಳೋದು ಬೇಕಿಲ್ಲ. ಪಾಲಿಸಿಯನ್ನು ಶೋರೂಂನಲ್ಲೇ ಮಾಡಿಸಬೇಕು ಅನ್ನೋ ಕಾನೂನು ಇಲ್ಲ. ಹೊರಗಿನ ಒಂದು ರೇಟು ಫೋನಿನಲ್ಲಿ ತೋರಿಸಿದರೆ ಸಾಕು, ಶೋರೂಂ ರೇಟು ಅಲ್ಲೇ ಇಳಿಯುತ್ತದೆ. ನಾನೇ ಎಷ್ಟೋ ಸಲ ಇಳಿಸಿದ್ದೇನೆ.

ಅವತ್ತು ಮ್ಯಾನೇಜರ್ ಕ್ಯಾಬಿನ್‌ಗೆ ಮೂರು ಸಲ ಹೋಗಿ ಬಂದೆ. ಕೊನೆಗೆ ಹ್ಯಾಂಡ್ಲಿಂಗ್ ತೆಗೆದರು. ಆರ್‌ಟಿಒ ರಸೀತಿ ಇದ್ದಷ್ಟೇ ಅಂತಾಯಿತು. ಇನ್ಶೂರೆನ್ಸ್ 6,600ಕ್ಕೆ ಇಳಿಯಿತು, ಫಿಟ್ಟಿಂಗ್ಸ್‌ನಲ್ಲಿ 900 ರೂಪಾಯಿಯ ಲೆಗ್ ಗಾರ್ಡ್ ಮಾತ್ರ ಉಳಿಯಿತು. ಒಟ್ಟು 1,08,200. ಎಂದೂ ಯಾರಿಗೂ 6,700 ಬಿಟ್ಟವನಲ್ಲ ನಾನು. ಮತ್ತೆ ಅವರು ಡಿಸ್ಕೌಂಟ್ ಅನ್ನೋ ಪದವನ್ನೇ ಬಳಸಲಿಲ್ಲ, ದನಿ ಏರಿಸಲಿಲ್ಲ.

ರಾತ್ರಿ ಮನೆಗೆ ಹೋದ ಮೇಲೆ ನನಗೆ ಕೊರೆಯೋಕೆ ಶುರುವಾದದ್ದು ಬೇರೆಯವರ ವಿಷಯ. ಒಂದು ಸಾವಿರ ಬಿಟ್ಟೆ ಅಂತ ನನ್ನ ಕೈ ಕುಲುಕಿ ಹೋದವರಿದ್ದರಲ್ಲ, ಅವರಿಗೆ ಆ ಸಾವಿರವನ್ನು ಬಿಟ್ಟದ್ದು ಇದೇ 1,500ರ ಹ್ಯಾಂಡ್ಲಿಂಗ್‌ನಿಂದ. ಮೊದಲೇ ಸೇರಿಸಿದ್ದನ್ನು ಆಮೇಲೆ ಸ್ವಲ್ಪ ವಾಪಸ್ ಕೊಟ್ಟದ್ದು ಅಷ್ಟೇ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಚೀಟಿ ಎತ್ತಿ ಬಂದ ಡ್ರೈವರ್‌ಗಳು, ಅವರ ಮುಖ ಈಗಲೂ ನೆನಪಿದೆ.

ಮಾರನೇ ದಿನದಿಂದ ಕೇಳದಿದ್ದರೂ ಎಲ್ಲರಿಗೂ ಬಿಡಿಸಿ ಬರೆಯೋಕೆ ಶುರು ಮಾಡಿದೆ. ಮ್ಯಾನೇಜರ್ ಕರೆದು ಬೈದರು. ಆ ತಿಂಗಳ ಇನ್ಸೆಂಟಿವ್ ಕಮ್ಮಿ ಆಯಿತು. ನಮ್ಮ ಸಂಬಳ ಚಿಕ್ಕದು, ಇನ್ಶೂರೆನ್ಸ್, ಲೋನು, ಫಿಟ್ಟಿಂಗ್ಸ್ ಮಾಡಿಸಿದರೇನೇ ಮೇಲೆ ನಾಲ್ಕು ಕಾಸು. ಅದಕ್ಕೇ ಕೇಳಿಕೊಳ್ಳೋದು, ಎದುರು ಕೂತ ಹುಡುಗನ ಮೇಲೆ ರೇಗಬೇಡಿ. ಬೆಲೆ ಇಳಿಸೋ ಅಧಿಕಾರ ಅವನಿಗಿಲ್ಲ, ಮ್ಯಾನೇಜರ್‌ನ ಕೇಳಿ ಬಾ ಅನ್ನಿ, ಸಮಾಧಾನವಾಗಿ ಕಾಯಿರಿ. ಆದರೆ ಎರಡು ತಿಂಗಳು ಕಳೆಯೋದರೊಳಗೆ ಅದೇ ಯಜಮಾನರ ಊರಿಂದ ಮೂರು ಗಾಡಿ ಬುಕ್ ಆದವು. ಮೂರು ಜನವೂ ಬಂದು ಕೇಳಿದ್ದು ನನ್ನನ್ನೇ.

ಲೋನ್ ತಗೊಳ್ಳುವವರು ಬಡ್ಡಿ ಫ್ಲಾಟಾ (ಕೊನೆತನಕ ಪೂರ್ತಿ ಸಾಲದ ಮೇಲೆ), ರೆಡ್ಯೂಸಿಂಗಾ (ಉಳಿದ ಸಾಲದ ಮೇಲೆ ಮಾತ್ರ) ಅಂತ ಮೊದಲು ಕೇಳಿ. 1 ಲಕ್ಷಕ್ಕೆ 9 ಪರ್ಸೆಂಟ್ ಫ್ಲಾಟ್‌ನಲ್ಲಿ 36 ಕಂತು ಅಂದರೆ ತಿಂಗಳಿಗೆ 3,528 ಕಟ್ಟುತ್ತೀರಿ. ಅದನ್ನೇ ಬ್ಯಾಂಕಿನ ರೆಡ್ಯೂಸಿಂಗ್ ಲೆಕ್ಕಕ್ಕೆ ತಂದರೆ 16 ಪರ್ಸೆಂಟ್ ದಾಟುತ್ತದೆ. ಪ್ರೊಸೆಸಿಂಗ್ ಫೀಸು ಬೇರೆ.

ಯಾವಾಗ ಹೋಗಬೇಕು ಅಂತ ಬಹಳ ಜನ ಕೇಳುತ್ತಾರೆ. ಆಯುಧ ಪೂಜೆ ಹಿಂದಿನ ದಿನ ಬಂದು ಚೌಕಾಸಿ ಮಾಡಿದರೆ ಏನೂ ಗಿಟ್ಟೋದಿಲ್ಲ, ಅವತ್ತು ಗಾಡಿ ಸಿಕ್ಕರೇ ಸಾಕು ಅನ್ನುವಂತಿರುತ್ತದೆ. ಆಷಾಢದಲ್ಲಿ ಬನ್ನಿ. ನಮ್ಮ ಕಡೆ ಆಷಾಢದಲ್ಲಿ ಗಾಡಿ ತಗೊಳ್ಳೋರು ಕಮ್ಮಿ, ಶೋರೂಂ ಖಾಲಿ ಹೊಡೀತಿರುತ್ತದೆ, ಟಾರ್ಗೆಟ್ ಮಾತ್ರ ಹಾಗೇ ಇರುತ್ತದೆ. ರೇಟು ಆಗ ಮಾತಾಡಿ ಬರೆಸಿಕೊಂಡು, ಶ್ರಾವಣದಲ್ಲಿ ಒಳ್ಳೇ ದಿನ ನೋಡಿ ಡೆಲಿವರಿ ತಗೊಳ್ಳಿ. ತಿಂಗಳ ಕೊನೆ ವಾರವೂ ಪರವಾಗಿಲ್ಲ. ಜನವರಿಯಲ್ಲಿ ಹೋದರೆ ಗಾಡಿ ಹಿಂದಿನ ವರ್ಷದ್ದಾ ನೋಡಿ. ಶೋರೂಂ ಕೊಡುವ ಮಾರಾಟದ ಸರ್ಟಿಫಿಕೇಟ್ ಫಾರ್ಮ್ 21ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಹಳೇ ಸ್ಟಾಕ್ ಆದರೆ ಅಲ್ಲಿ ನಿಜವಾದ ಡಿಸ್ಕೌಂಟ್ ಕೇಳೋ ಹಕ್ಕು ನಿಮಗಿದೆ.

ಎಕ್ಸ್ ಶೋರೂಂ ಬೆಲೆಯನ್ನು ಮನೆಯಲ್ಲೇ ಕಂಪನಿ ವೆಬ್‌ಸೈಟಿನಲ್ಲಿ ನಿಮ್ಮ ಊರು ಹಾಕಿ ನೋಡಿಕೊಂಡು ಹೋಗಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡದಕ್ಕೆ 40 ಆಗಿದೆ. ಹಳೇ ರೇಟಿನ ನೆನಪಲ್ಲಿ ಹೋದರೆ ಲೆಕ್ಕ ತಪ್ಪುತ್ತದೆ.

ಮತ್ತೆ ದುಡ್ಡು. ಬುಕಿಂಗ್ ದುಡ್ಡನ್ನೂ ಶೋರೂಂ ಅಕೌಂಟಿಗೇ ಹಾಕಿ, ಸೇಲ್ಸ್ ಹುಡುಗನ ಫೋನಿಗೆ ಬೇಡ. ಗಾಡಿ ಇನ್ವಾಯ್ಸ್, ತೆರಿಗೆ ರಸೀತಿ, ಇನ್ಶೂರೆನ್ಸ್ ಪಾಲಿಸಿ, ಫಿಟ್ಟಿಂಗ್ಸ್ ಬಿಲ್ಲು, ಇಷ್ಟನ್ನೂ ಕೂಡಿಸಿದರೆ ನೀವು ಕೊಟ್ಟ ಮೊತ್ತ ಬರಬೇಕು. ಬರದಿದ್ದರೆ ಉಳಿದದ್ದು ಎಲ್ಲಿ ಹೋಯಿತು ಅಂತ ಕೀಲಿಕೈ ತಗೊಳ್ಳೋ ಮೊದಲೇ ಕೇಳಿ.

ಯಜಮಾನರು ಡೆಲಿವರಿ ದಿನ ಪೂಜೆಗೆ ತಮ್ಮ ತೋಟದ ತೆಂಗಿನಕಾಯಿ ತಂದಿದ್ದರು. ಮಗ ಗಾಡಿ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ. ಅವರು ಮಾತ್ರ ನನ್ನ ಟೇಬಲ್ಲಿನ ಮುಂದೆ ಕೂತು ಎಲ್ಲ ರಸೀತಿ ಇನ್ನೊಂದು ಸಲ ಕೂಡಿಸಿ ನೋಡಿ, ಕೊಬ್ಬರಿ ಪಟ್ಟಿಗಳ ಕಟ್ಟಿನೊಳಗೆ ಸೇರಿಸಿ, ರಬ್ಬರ್ ಬ್ಯಾಂಡ್ ಹಾಕಿದರು. ‘ಸರಿ ಐತೆ ಕಣಪ್ಪ’ ಅಂತ ಎದ್ದರು.